ನಲ್ಲಿಯ ಇನ್ನೊಂದು ತುದಿ: ಸರೋವರದ ತಳಕ್ಕೆ ಇಳಿದವರ ಕಥೆ

ಊರಿನ ನಲ್ಲಿಯಲ್ಲಿ ನೀರು ನಿಂತರೆ ನಾವು ಮೊದಲು ಬೈಯುವುದು ನೀರುಗಂಟಿಯನ್ನು. ಆಮೇಲೆ ಪಂಚಾಯಿತಿಯನ್ನು. ಓವರ್‌ಹೆಡ್ ಟ್ಯಾಂಕು, ಮೋಟಾರು, ಕರೆಂಟು, ಇಷ್ಟರವರೆಗೆ ನಮ್ಮ ಕಣ್ಣು ಹೋಗುತ್ತದೆ. ಅದರಾಚೆ ಪೈಪು ಎಲ್ಲಿಗೆ ಹೋಗುತ್ತದೆ, ಅದರ ಬಾಯಿ ಎಲ್ಲಿ ತೆರೆದುಕೊಂಡಿದೆ ಎಂದು ಕೇಳುವವರು ಕಡಿಮೆ. ಬಹುಗ್ರಾಮ ಯೋಜನೆಯ ನೀರು ಕುಡಿಯುವ ಊರುಗಳಿಗೆ ಆ ಬಾಯಿ ಎಷ್ಟೋ ಕಿಲೋಮೀಟರ್ ದೂರದ ಜಲಾಶಯದೊಳಗೆ ಇರುತ್ತದೆ. ಅದನ್ನು ನಾವ್ಯಾರೂ ನೋಡಿರುವುದಿಲ್ಲ.

ಆ ಬಾಯಿ ಕಟ್ಟಿಕೊಂಡರೆ? ಪೈಪೇ ತೂತು ಬಿದ್ದರೆ? ಜಲಾಶಯವನ್ನು ಖಾಲಿ ಮಾಡಿ ರಿಪೇರಿ ಮಾಡಲು ಆಗುವುದಿಲ್ಲ. ಯಾರಾದರೂ ನೀರೊಳಗೆ ಇಳಿಯಲೇಬೇಕು. ಹೀಗೆ ಇಳಿದವರ ಚರಿತ್ರೆ ಚೆನ್ನಾಗಿ ದಾಖಲಾಗಿರುವುದು ಅಮೆರಿಕ ಮತ್ತು ಕೆನಡಾ ನಡುವಿನ ದೊಡ್ಡ ಸರೋವರಗಳಲ್ಲಿ. ಆ ದಡದ ಊರುಗಳು ಸುಮಾರು 180 ವರ್ಷಗಳಿಂದ ಸರೋವರದ ತಳದಿಂದಲೇ ನೀರು ಎಳೆದುಕೊಂಡು ಕುಡಿಯುತ್ತಿವೆ. ಆ ಊರುಗಳ ಕಥೆ ಹೇಳಿ, ಕೊನೆಗೆ ನಮ್ಮ ಕಡೆಗೆ ಬರುತ್ತೇವೆ.

ನಲ್ಲಿಯಲ್ಲಿ ಮೀನು ಬರುತ್ತಿದ್ದ ಊರು

ಚಿಕಾಗೊ ನಗರ ಮಿಷಿಗನ್ ಸರೋವರದ ದಡದಲ್ಲಿದೆ. ಸರೋವರ ಅಂದರೆ ನಮ್ಮ ಊರ ಕೆರೆಯ ಲೆಕ್ಕದಲ್ಲಿ ನೋಡಬೇಡಿ. ಅದರ ವಿಸ್ತೀರ್ಣ ಸುಮಾರು 58,000 ಚದರ ಕಿಲೋಮೀಟರ್. ಇಡೀ ಕರ್ನಾಟಕವನ್ನು ಹತ್ತು ಪಾಲು ಮಾಡಿದರೆ ಮೂರು ಪಾಲು ಬರೀ ನೀರು ಎಂದುಕೊಳ್ಳಿ.

ಇಷ್ಟು ನೀರಿದ್ದರೂ ಚಿಕಾಗೊ ಜನ ಕೆಟ್ಟ ನೀರು ಕುಡಿದು ಸಾಯುತ್ತಿದ್ದರು. ಕಾರಣ ಸರಳ. ಊರಿನ ಚರಂಡಿ ನದಿಗೆ ಸೇರುತ್ತಿತ್ತು, ನದಿ ಸರೋವರಕ್ಕೆ ಸೇರುತ್ತಿತ್ತು, ಕುಡಿಯುವ ನೀರಿನ ಪೈಪಿನ ಬಾಯಿ ಅದೇ ಸರೋವರದಲ್ಲಿ ದಡದ ಹತ್ತಿರವೇ ಇತ್ತು. 1854ರಲ್ಲಿ ಕಾಲರಾ ಬಂದು ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು. ದಡದ ಹತ್ತಿರದ ನೀರಾದ್ದರಿಂದ ಸಣ್ಣ ಮೀನುಗಳು ಪೈಪಿನೊಳಗೆ ಹೊಕ್ಕು ಮನೆಯ ನಲ್ಲಿಯಲ್ಲಿ ಬರುತ್ತಿದ್ದವು.

ಎಲಿಸ್ ಚೆಸ್‌ಬ್ರೊ ಎಂಬ ಎಂಜಿನಿಯರ್ ಒಂದು ದಾರಿ ಹೇಳಿದ. ದಡದಲ್ಲಿ ಕೊಳೆ ಇದ್ದರೆ ಪೈಪಿನ ಬಾಯಿಯನ್ನೇ ದೂರ ಒಯ್ಯೋಣ. ಎರಡು ಮೈಲಿ ದೂರ ಸರೋವರದೊಳಗೆ ಮರದ ದಿಮ್ಮಿಗಳಿಂದ ಮಾಡಿದ ಐದು ಮೂಲೆಯ ದೊಡ್ಡ ಗೋಪುರವೊಂದನ್ನು ಇಳಿಸಿದರು. 1865ರಲ್ಲಿ ಅದನ್ನು ದಡದಲ್ಲಿ ಕಟ್ಟಿ, ತೇಲಿಸಿಕೊಂಡು ಹೋಗಿ, ಕಲ್ಲು ತುಂಬಿ ಮುಳುಗಿಸಿದರು. ಅಲ್ಲಿಯ ಜನ ಅದನ್ನು ಕ್ರಿಬ್ ಎಂದು ಕರೆದರು. ಮಗುವಿನ ತೊಟ್ಟಿಲಿಗೂ ಅದೇ ಹೆಸರು. ಆ ಕ್ರಿಬ್‌ನಿಂದ ದಡದವರೆಗೆ ಸರೋವರದ ನೆಲದ ಅಡಿಯಲ್ಲಿ ಐದು ಅಡಿ ಅಗಲದ ಸುರಂಗ ಕೊರೆದರು. 1864ರಲ್ಲಿ ಶುರುವಾದ ಕೆಲಸ ದಡದ ಕಡೆಯಿಂದ ಒಂದು ಗ್ಯಾಂಗು, ಕ್ರಿಬ್ ಕಡೆಯಿಂದ ಇನ್ನೊಂದು ಗ್ಯಾಂಗು ಎಂದು ಸಾಗಿ, 1866ರ ಕೊನೆಗೆ ಎರಡೂ ಗ್ಯಾಂಗು ಜೇಡಿಮಣ್ಣಿನೊಳಗೆ ಕೆಲವೇ ಅಂಗುಲಗಳ ವ್ಯತ್ಯಾಸದಲ್ಲಿ ಎದುರುಬದುರಾದವು. 1867ರ ಮಾರ್ಚ್‌ನಲ್ಲಿ ನೀರು ಬಿಟ್ಟರು. ತಲೆಯ ಮೇಲೆ ಇಡೀ ಸರೋವರ ಹೊತ್ತುಕೊಂಡು ಅಷ್ಟು ಇಕ್ಕಟ್ಟಿನಲ್ಲಿ ಮಣ್ಣು ಅಗೆದ ಆ ಕೂಲಿಗಳ ಹೆಸರುಗಳು ಯಾವ ಕಲ್ಲಿನ ಮೇಲೂ ಎದ್ದು ಕಾಣುವುದಿಲ್ಲ. ಚೆಸ್‌ಬ್ರೊ ಹೆಸರು ಮಾತ್ರ ಉಳಿಯಿತು.

ಊರು ಬೆಳೆಯಿತು, ಚರಂಡಿಯೂ ಬೆಳೆಯಿತು. ಕೊಳೆ ಎರಡು ಮೈಲಿ ದೂರಕ್ಕೂ ಬಂತು. ಆಮೇಲೆ ನಾಲ್ಕು ಮೈಲಿ ದೂರದಲ್ಲಿ ಕ್ರಿಬ್ ಬೇಕಾಯಿತು. 1891ರಲ್ಲಿ ಟೈಫಾಯ್ಡ್ ಒಂದರಿಂದಲೇ ಸುಮಾರು 2,000 ಜನ ಸತ್ತರು. ಕೊನೆಗೆ ಚಿಕಾಗೊ ಇನ್ನೂ ದೊಡ್ಡ ಕೆಲಸಕ್ಕೆ ಕೈಹಾಕಿತು. 28 ಮೈಲಿ ಉದ್ದದ ಕಾಲುವೆ ತೋಡಿ, 1900ರ ಜನವರಿಯಲ್ಲಿ ನದಿಯನ್ನೇ ಹಿಂದಕ್ಕೆ ತಿರುಗಿಸಿತು. ಸರೋವರಕ್ಕೆ ಬೀಳುತ್ತಿದ್ದ ನದಿ ಈಗ ಸರೋವರದಿಂದ ದೂರ, ಮಿಸಿಸಿಪ್ಪಿ ನದಿಯ ಕಡೆಗೆ ಹರಿಯತೊಡಗಿತು.

ಕೊಳೆ ಮಾಯವಾಗಲಿಲ್ಲ, ಕೆಳಗಿನ ಊರಿನ ಕಡೆಗೆ ಹೋಯಿತು. ಮಿಸಿಸಿಪ್ಪಿ ದಡದ ಸೇಂಟ್ ಲೂಯಿಸ್ ನಗರದವರು ತಮ್ಮ ಕುಡಿಯುವ ನೀರಿಗೆ ಚಿಕಾಗೊ ಚರಂಡಿ ಬರುತ್ತಿದೆ ಎಂದು ತಕರಾರು ತೆಗೆದರು. ಅವರ ರಾಜ್ಯವಾದ ಮಿಸೌರಿ, ಚಿಕಾಗೊ ಇರುವ ಇಲಿನಾಯ್ ರಾಜ್ಯದ ಮೇಲೆ ಸುಪ್ರೀಂ ಕೋರ್ಟಿಗೆ ಹೋಯಿತು. 1906ರಲ್ಲಿ ಮಿಸೌರಿ ಸೋತಿತು. ಮೇಲಿನವರ ಕೊಳೆ ಕೆಳಗಿನವರ ಬಾಯಿಗೆ ಬರುವ ಜಗಳ ನಮಗೂ ಹೊಸದಲ್ಲ.

ನೀರಿನ ನಡುವೆ ಬೆಂಕಿ, ನೀರಿನ ಅಡಿಯಲ್ಲಿ ಹೊಗೆ

ಬಾಯಿ ದೂರ ಹೋದಷ್ಟೂ ಅದನ್ನು ಕಟ್ಟುವ ಕೆಲಸಗಾರರೂ ದಡದಿಂದ ದೂರ ಹೋದರು. 1909ರ ಜನವರಿ 20ರಂದು ಚಿಕಾಗೊದಲ್ಲಿ ಹೊಸ ಸುರಂಗಕ್ಕಾಗಿ ದಡದಿಂದ ಸುಮಾರು ಒಂದೂವರೆ ಮೈಲಿ ದೂರದಲ್ಲಿ ಕಟ್ಟಿದ್ದ ತಾತ್ಕಾಲಿಕ ಕ್ರಿಬ್‌ಗೆ ಬೆಂಕಿ ಬಿತ್ತು. ಮರದ ಕಟ್ಟಡ, ಒಳಗೆ ಸುರಂಗ ಒಡೆಯುವ ಡೈನಮೈಟ್, ಸುತ್ತ ಹೆಪ್ಪುಗಟ್ಟಿದ ಸರೋವರ. ಹೊರಗೆ ಹಾರಿದವರು ಮಂಜುಗಡ್ಡೆಯ ನೀರಿಗೆ ಬಿದ್ದರು, ಒಳಗೆ ಉಳಿದವರು ಸುಟ್ಟುಹೋದರು. ಸುಮಾರು 60 ಜನ ಸತ್ತರು. ಊರಿಗೆ ಶುದ್ಧ ನೀರು ತರುವ ಕೆಲಸದಲ್ಲಿ, ನೀರಿನ ನಡುವೆ, ಬೆಂಕಿಯಿಂದ ಸತ್ತರು.

ಏಳು ವರ್ಷಗಳ ನಂತರ ಪಕ್ಕದ ಈರಿ ಸರೋವರದಲ್ಲಿ ಕ್ಲೀವ್‌ಲ್ಯಾಂಡ್ ನಗರದವರೂ ಇಂಥದ್ದೇ ಸುರಂಗ ಕೊರೆಯುತ್ತಿದ್ದರು. 1916ರ ಜುಲೈ 24ರ ರಾತ್ರಿ ಸುರಂಗದೊಳಗೆ ಸೇರಿಕೊಂಡಿದ್ದ ಗ್ಯಾಸ್ ಸ್ಫೋಟಿಸಿತು. ರಕ್ಷಿಸಲು ಇಳಿದವರೂ ವಿಷಗಾಳಿ ಕುಡಿದು ಬಿದ್ದರು. ಒಟ್ಟು ಸುಮಾರು 20 ಜನ ಪ್ರಾಣ ಬಿಟ್ಟರು.

ಆಗ ನೆನಪಾದದ್ದು ಗ್ಯಾರೆಟ್ ಮಾರ್ಗನ್. ಆತ ಕಪ್ಪು ಜನಾಂಗದವನು, ಗುಲಾಮಗಿರಿಯಿಂದ ಬಿಡುಗಡೆಯಾದವರ ಮಗ. ಹೊಗೆಯಲ್ಲಿ ಉಸಿರಾಡಲು ಒಂದು ಮುಸುಕು ಕಂಡುಹಿಡಿದು 1914ರಲ್ಲಿ ಪೇಟೆಂಟ್ ಪಡೆದಿದ್ದ. ಹೊಗೆ ಮೇಲಕ್ಕೆ ಏರುತ್ತದೆ, ನೆಲದ ಹತ್ತಿರ ಗಾಳಿ ಸ್ವಲ್ಪ ಚೆನ್ನಾಗಿರುತ್ತದೆ, ಆದ್ದರಿಂದ ಮುಸುಕಿನಿಂದ ನೆಲದವರೆಗೆ ಉದ್ದದ ಕೊಳವೆ ಬಿಡಬೇಕು ಎನ್ನುವುದು ಅವನ ಲೆಕ್ಕ. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಮನುಷ್ಯ ಮಾಡಿದ ಸಾಮಾನನ್ನು ಕೊಳ್ಳುವುದಿಲ್ಲ ಎಂದು ಗೊತ್ತಿದ್ದರಿಂದ ಬಿಳಿಯನೊಬ್ಬನನ್ನು ಸಂಶೋಧಕ ಎಂದು ಮುಂದೆ ನಿಲ್ಲಿಸಿ ಮಾರಾಟ ಮಾಡುತ್ತಿದ್ದ. ಆ ರಾತ್ರಿ ಮಾರ್ಗನ್ ತನ್ನ ಸೋದರನನ್ನು ಕರೆದುಕೊಂಡು, ಮುಸುಕು ಹಾಕಿಕೊಂಡು ಸುರಂಗಕ್ಕೆ ಇಳಿದ. ಬದುಕಿದ್ದವರನ್ನೂ ಹೆಣಗಳನ್ನೂ ಹೊರಗೆ ತಂದರು. ಪದಕ ಕೊಡುವ ಹೊತ್ತಿಗೆ ಶೌರ್ಯದ ಪದಕಗಳು ಬೇರೆಯವರ ಪಾಲಾದವು, ಮಾರ್ಗನ್‌ಗೆ ಸಿಗಲಿಲ್ಲ. ಅವನ ಹೆಸರನ್ನು ಆ ನಗರ ಗೌರವದಿಂದ ಹೇಳಲು ದಶಕಗಳೇ ಬೇಕಾದವು. ಈಗ ಕ್ಲೀವ್‌ಲ್ಯಾಂಡ್‌ನ ಒಂದು ನೀರು ಶುದ್ಧೀಕರಣ ಘಟಕಕ್ಕೆ ಅವನ ಹೆಸರಿದೆ.

ತಾಮ್ರದ ತಲೆಯ ಮನುಷ್ಯರು

ಸುರಂಗ ಕೊರೆಯುವವರು ನೆಲದ ಅಡಿಯಲ್ಲಿ ದುಡಿದರೆ, ಪೈಪಿನ ಬಾಯಿಯ ಹತ್ತಿರ ನೇರ ನೀರಿನಲ್ಲೇ ದುಡಿಯಬೇಕಾದವರು ಮುಳುಗುತಜ್ಞರು. ಜಾಲರಿ ಕೂರಿಸಬೇಕು, ಬೋಲ್ಟು ಬಿಗಿಯಬೇಕು, ಕಟ್ಟಿಕೊಂಡ ಕಸ ತೆಗೆಯಬೇಕು. ಉಸಿರು ಕಟ್ಟಿ ಮುಳುಗಿದರೆ ಒಂದೆರಡು ನಿಮಿಷದ ಕೆಲಸ ಮಾತ್ರ ಆಗುತ್ತದೆ.

1837ರಲ್ಲಿ ಲಂಡನ್ನಿನಲ್ಲಿ ಆಗಸ್ಟಸ್ ಸೀಬ ಎಂಬಾತ ಮುಚ್ಚಿದ ಉಡುಪೊಂದನ್ನು ಮಾಡಿದ. ಕ್ಯಾನ್ವಾಸು ಮತ್ತು ರಬ್ಬರಿನ ಅಂಗಿ, ತಲೆಗೆ ತಾಮ್ರದ ದೊಡ್ಡ ಹೆಲ್ಮೆಟ್ಟು, ಕಾಲಿಗೆ ಸೀಸದ ಬೂಟು. ಮೇಲೆ ದೋಣಿಯಲ್ಲಿ ಕೂತವರು ಕೈಪಂಪಿನಿಂದ ಗಾಳಿ ಒತ್ತುತ್ತಿದ್ದರು. ಆ ಉಡುಪು ನೂರು ವರ್ಷಕ್ಕೂ ಹೆಚ್ಚು ಕಾಲ ಬಳಕೆಯಲ್ಲಿತ್ತು.

ಆದರೆ ಹೊಸದೊಂದು ಕಾಯಿಲೆ ಕಾಣಿಸಿಕೊಂಡಿತು. ಆಳದಲ್ಲಿ ಚೆನ್ನಾಗಿಯೇ ಇದ್ದವರು ಮೇಲೆ ಬಂದ ಮೇಲೆ ಕೀಲು ನೋವಿನಿಂದ ಮುದುಡಿಕೊಳ್ಳುತ್ತಿದ್ದರು, ಕೆಲವರಿಗೆ ಲಕ್ವ ಹೊಡೆಯುತ್ತಿತ್ತು, ಕೆಲವರು ಸಾಯುತ್ತಿದ್ದರು. ಸೇಂಟ್ ಲೂಯಿಸ್‌ನಲ್ಲಿ 1870ರ ಸುಮಾರಿಗೆ ಸೇತುವೆಯ ಕಂಬಕ್ಕಾಗಿ ನದಿಯ ತಳದಲ್ಲಿ ಒತ್ತಡದ ಗಾಳಿಯಲ್ಲಿ ಕೆಲಸ ಮಾಡಿದ ಹತ್ತಕ್ಕೂ ಹೆಚ್ಚು ಜನ ಹೀಗೇ ಸತ್ತರು.

ಕಾರಣವನ್ನು 1878ರಲ್ಲಿ ಫ್ರಾನ್ಸಿನ ಪಾಲ್ ಬೇರ್ ಬಿಡಿಸಿ ಹೇಳಿದ. ಸೋಡಾ ಬಾಟಲಿಯನ್ನು ನೆನಪಿಸಿಕೊಳ್ಳಿ. ಮುಚ್ಚಿದ್ದಾಗ ಗುಳ್ಳೆ ಕಾಣುವುದಿಲ್ಲ, ಮುಚ್ಚಳ ತೆಗೆದ ಕೂಡಲೇ ನೊರೆ ಉಕ್ಕುತ್ತದೆ. ಆಳದ ಒತ್ತಡದಲ್ಲಿ ಉಸಿರಾಡಿದವರ ರಕ್ತದಲ್ಲಿ ಗಾಳಿಯ ನೈಟ್ರೋಜನ್ ಕರಗಿರುತ್ತದೆ. ಬೇಗ ಮೇಲೆ ಬಂದರೆ ಅದು ಗುಳ್ಳೆಯಾಗಿ ನರದಲ್ಲೂ ಕೀಲಿನಲ್ಲೂ ಸಿಕ್ಕಿಕೊಳ್ಳುತ್ತದೆ. ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ ಮತ್ತು ಜೊತೆಗಾರರು ಮೇಕೆಗಳ ಮೇಲೆ ಪ್ರಯೋಗ ಮಾಡಿ, ಎಷ್ಟು ಆಳದಿಂದ ಎಷ್ಟೆಷ್ಟು ಹೊತ್ತು ನಿಂತು ನಿಂತು ಮೇಲೆ ಬರಬೇಕು ಎಂಬ ಕೋಷ್ಟಕವನ್ನು 1908ರಲ್ಲಿ ಪ್ರಕಟಿಸಿದರು. ಇಂದಿಗೂ ನೀರಿಗೆ ಇಳಿಯುವ ವೃತ್ತಿಯವರು ಆ ಲೆಕ್ಕದಿಂದ ಬೆಳೆದುಬಂದ ಕೋಷ್ಟಕಗಳನ್ನೇ ನೋಡಿ ಮೇಲೆ ಬರುತ್ತಾರೆ.

ಉಗುರಿನಷ್ಟು ಚಿಪ್ಪು ಊರಿನ ನೀರು ನಿಲ್ಲಿಸಿತು

1988ರ ಬೇಸಿಗೆಯಲ್ಲಿ ಈರಿ ಸರೋವರದ ಮೇಲಿರುವ ಸೇಂಟ್ ಕ್ಲೇರ್ ಸರೋವರದಲ್ಲಿ ಒಂದು ಹೊಸ ಚಿಪ್ಪುಜೀವಿ ಸಿಕ್ಕಿತು. ಹೆಬ್ಬೆರಳ ಉಗುರಿನಷ್ಟು ಗಾತ್ರ, ಮೈಮೇಲೆ ಪಟ್ಟೆ. ಅದಕ್ಕೇ ಜೀಬ್ರಾ ಚಿಪ್ಪು ಎಂದು ಹೆಸರು. ಅದರ ತವರು ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಸಮುದ್ರದ ಸುತ್ತಲಿನ ನೀರು. ಸರಕು ಹಡಗುಗಳು ಸಮತೋಲನಕ್ಕೆಂದು ಹೊಟ್ಟೆಯಲ್ಲಿ ತುಂಬಿಕೊಂಡು ಬಂದು ಇಲ್ಲಿ ಚೆಲ್ಲಿದ ನೀರಿನಲ್ಲಿ ಅದು ಬಂದಿತ್ತು.

ಒಂದು ಹೆಣ್ಣು ವರ್ಷಕ್ಕೆ ಹತ್ತು ಲಕ್ಷದವರೆಗೆ ಮೊಟ್ಟೆ ಇಡಬಲ್ಲದು. ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವು, ಯಾವ ಜಾಲರಿಯೂ ತಡೆಯುವುದಿಲ್ಲ. ಗಟ್ಟಿಯಾದ ಜಾಗ ಸಿಕ್ಕರೆ ನೂಲಿನಂಥ ಎಳೆಗಳಿಂದ ಅಂಟಿಕೊಂಡುಬಿಡುತ್ತವೆ. ಕುಡಿಯುವ ನೀರಿನ ಪೈಪಿಗಿಂತ ಒಳ್ಳೆಯ ಮನೆ ಅವಕ್ಕೆ ಇಲ್ಲ. ಒಳಗೆ ಗಟ್ಟಿ ಗೋಡೆ, ಹಗಲಿರುಳು ಹೊಸ ನೀರಿನ ಜೊತೆ ತಾನಾಗಿ ಬರುವ ಆಹಾರ. ಮನ್ರೋ ಎಂಬ ಊರಿನ ವಿದ್ಯುತ್ ಸ್ಥಾವರದ ನೀರಿನ ಕಾಲುವೆಯಲ್ಲಿ ಒಂದು ಚದರ ಮೀಟರ್ ಜಾಗದಲ್ಲಿ 7 ಲಕ್ಷದವರೆಗೆ ಚಿಪ್ಪು ಎಣಿಸಿದರು. ಒಂದರ ಮೇಲೊಂದು ಅಂಟಿಕೊಂಡು ಬೆಳೆದಿದ್ದವು.

1989ರ ಡಿಸೆಂಬರ್‌ನಲ್ಲಿ ಅದೇ ಮನ್ರೋ ಊರಿನ ಕುಡಿಯುವ ನೀರಿನ ಪೈಪಿನ ಬಾಯಿ ಚಿಪ್ಪು ಮತ್ತು ಮಂಜುಗಡ್ಡೆಯಿಂದ ಕಟ್ಟಿಕೊಂಡಿತು. ದಡದಲ್ಲಿ ಕಡಲಿನಂಥ ಸರೋವರ, ಮನೆಯ ನಲ್ಲಿ ಒಣಗಿತ್ತು. ಶಾಲೆ, ಹೋಟೆಲು, ಕಾರ್ಖಾನೆ ಬಾಗಿಲು ಹಾಕಿದವು.

ಅಲ್ಲಿಂದ ಮುಂದೆ ಆ ಸರೋವರಗಳ ದಡದ ಊರುಗಳಲ್ಲಿ ಮುಳುಗುತಜ್ಞರಿಗೆ ಪ್ರತಿ ವರ್ಷದ ಕೆಲಸ ಗಂಟುಬಿತ್ತು. ನೀರೊಳಗೆ ಇಳಿದು ಚಿಪ್ಪು ಕೆರೆದು ಹಾಕಬೇಕು, ಜಾಲರಿ ಬಿಚ್ಚಿ ಹೊಸದು ಕೂರಿಸಬೇಕು. ಇನ್ನೊಂದು ಉಪಾಯವೂ ಬಂತು. ಶುದ್ಧೀಕರಣ ಘಟಕದಲ್ಲಿ ಹಾಕುತ್ತಿದ್ದ ಕ್ಲೋರಿನ್‌ನಲ್ಲಿ ಸ್ವಲ್ಪವನ್ನು ಸಣ್ಣ ಕೊಳವೆಯ ಮೂಲಕ ಸರೋವರದ ತಳದ ಬಾಯಿಯವರೆಗೂ ಒಯ್ದು ಅಲ್ಲೇ ಬಿಡುವುದು. ಆ ಸಣ್ಣ ಕೊಳವೆಯನ್ನು ಕಟ್ಟಿ ಬರುವುದೂ ಮುಳುಗುತಜ್ಞರೇ. ಹಳೆಯ ಪೈಪು ತುಕ್ಕು ಹಿಡಿದು ಅಥವಾ ಕಿರಿದಾಗಿ ಕೈಕೊಟ್ಟ ಕಡೆ ಪೂರ್ತಿ ಪೈಪನ್ನೇ ಬದಲಿಸಬೇಕಾಗುತ್ತದೆ.

ನೀರೊಳಗೆ ಪೈಪು ಬದಲಿಸುವುದು ಹೇಗೆ

ನಮ್ಮ ಹೊಲಕ್ಕೆ ಪೈಪ್‌ಲೈನ್ ಎಳೆದವರಿಗೆ ಇದು ಬೇಗ ಅರ್ಥವಾಗುತ್ತದೆ. ಈಗ ಹೆಚ್ಚಾಗಿ ಬಳಸುವುದು ಕಪ್ಪು ಬಣ್ಣದ ಎಚ್‌ಡಿಪಿಇ ಪೈಪನ್ನೇ, ಗಾತ್ರ ಮಾತ್ರ ಆಳೆತ್ತರದವರೆಗೂ ಇರಬಹುದು. ತುಂಡುಗಳನ್ನು ದಡದಲ್ಲೇ ಕಾಯಿಸಿ ಕೂಡಿಸಿ, ಉದ್ದದ ಒಂದೇ ಪೈಪು ಮಾಡುತ್ತಾರೆ. ಎರಡು ತುದಿ ಮುಚ್ಚಿದರೆ ಒಳಗಿನ ಗಾಳಿಯಿಂದ ಅದು ನೀರ ಮೇಲೆ ತೇಲುತ್ತದೆ. ಅಲ್ಲಲ್ಲಿ ಕಾಂಕ್ರೀಟಿನ ತೂಕ ಕಟ್ಟಿ, ದೋಣಿಯಿಂದ ಎಳೆದು ಸರಿಯಾದ ಗೆರೆಗೆ ತರುತ್ತಾರೆ. ಆಮೇಲೆ ಒಂದು ತುದಿಯಿಂದ ನಿಧಾನವಾಗಿ ನೀರು ಬಿಟ್ಟು, ಇನ್ನೊಂದು ತುದಿಯಿಂದ ಗಾಳಿ ಹೊರಗೆ ಬಿಡುತ್ತಾರೆ. ಪೈಪು ಹಾವಿನಂತೆ ಬಾಗುತ್ತ ತಳಕ್ಕೆ ಇಳಿಯುತ್ತದೆ. ಅವಸರ ಮಾಡಿದರೆ ಬಾಗಿದಲ್ಲೇ ಮಡಚಿಕೊಳ್ಳುತ್ತದೆ.

ಮುಳುಗುತಜ್ಞರ ಕೆಲಸ ಅದಕ್ಕೂ ಮೊದಲೇ ಶುರು. ಹಳೆಯ ಪೈಪಿನ ತುದಿಯ ಅಳತೆ, ಬೋಲ್ಟಿನ ತೂತುಗಳ ಅಳತೆ ತೆಗೆದುಕೊಂಡು ಬರಬೇಕು. ಅರ್ಧ ಅಂಗುಲ ತಪ್ಪಿದರೂ ಮೇಲೆ ಮಾಡಿದ ಜೋಡಣೆ ಕೆಳಗೆ ಕೂರುವುದಿಲ್ಲ. ಪೈಪು ಇಳಿದ ಮೇಲೆ ಎರಡು ತುದಿ ಎದುರುಬದುರು ತಂದು, ನಡುವೆ ರಬ್ಬರ್ ಗ್ಯಾಸ್ಕೆಟ್ ಇಟ್ಟು, ಒಂದೊಂದೇ ಬೋಲ್ಟು ಬಿಗಿಯಬೇಕು. ಬಾಯಿಗೆ ಜಾಲರಿ ಕೂರಿಸಬೇಕು. ಬಾಯಿಯನ್ನು ತಳಕ್ಕಿಂತ ಸ್ವಲ್ಪ ಎತ್ತರಕ್ಕೆ ಇಡುತ್ತಾರೆ, ಕೆಸರು ಎಳೆಯಬಾರದೆಂದು. ಜಾಲರಿಯನ್ನು ಅಗಲವಾಗಿ ಮಾಡುತ್ತಾರೆ, ನೀರು ಮೆಲ್ಲಗೆ ಒಳಗೆ ಬಂದರೆ ಮೀನು ಸಿಕ್ಕಿಕೊಳ್ಳುವುದಿಲ್ಲ ಎಂದು.

ಇಷ್ಟೆಲ್ಲ ಬಹಳ ಸಲ ಕತ್ತಲಲ್ಲಿ ನಡೆಯುತ್ತದೆ. ತಳದ ಕೆಸರು ಒಮ್ಮೆ ಎದ್ದರೆ ಕಣ್ಣ ಮುಂದಿನ ಕೈ ಕೂಡ ಕಾಣುವುದಿಲ್ಲ. ಕೈಯೇ ಕಣ್ಣು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಮೀನು ನೋಡುವವರ ಚಿತ್ರ ನಾವು ಟಿವಿಯಲ್ಲಿ ನೋಡಿದ್ದೇವೆ. ವೃತ್ತಿಯವರು ಹೆಚ್ಚಾಗಿ ಹಾಗೆ ಇಳಿಯುವುದಿಲ್ಲ. ಅವರ ಹೆಲ್ಮೆಟ್ಟಿಗೆ ಮೇಲಿನಿಂದ ಒಂದು ದಪ್ಪ ಕಟ್ಟು ಬಂದಿರುತ್ತದೆ. ಅದರಲ್ಲಿ ಗಾಳಿಯ ಕೊಳವೆ, ಮಾತಿನ ತಂತಿ, ಆಳ ಅಳೆಯುವ ಸಣ್ಣ ಕೊಳವೆ, ಎಳೆಯುವ ಹಗ್ಗ ಎಲ್ಲ ಒಟ್ಟಿಗೆ ಇರುತ್ತವೆ. ಹೊಕ್ಕುಳಬಳ್ಳಿಗೆ ಇಂಗ್ಲಿಷಿನಲ್ಲಿ ಯಾವ ಹೆಸರಿದೆಯೋ ಅದನ್ನೇ ಆ ಕಟ್ಟಿಗೂ ಇಟ್ಟಿದ್ದಾರೆ. ಮೇಲೆ ಒಬ್ಬರು ಆ ಬಳ್ಳಿಯನ್ನು ಕೈಯಲ್ಲಿ ಹಿಡಿದೇ ನಿಂತಿರುತ್ತಾರೆ. ಇನ್ನೊಬ್ಬರು ಮಾತು ಕೇಳುತ್ತ ಗಡಿಯಾರ ನೋಡುತ್ತ ಇರುತ್ತಾರೆ. ಒಳ್ಳೆಯ ತಂಡದಲ್ಲಿ ಮತ್ತೊಬ್ಬರು ಉಡುಪು ಹಾಕಿಕೊಂಡೇ ಕೂತಿರುತ್ತಾರೆ, ಕೆಳಗಿನವರಿಗೆ ಏನಾದರೂ ಆದರೆ ಇಳಿಯಲು. ಅಮೆರಿಕದಲ್ಲಿ ಈ ವೃತ್ತಿಗೆ ಸರ್ಕಾರದ ಸುರಕ್ಷತಾ ನಿಯಮಗಳು 1977ರಲ್ಲಿ ಜಾರಿಗೆ ಬಂದವು.

ತೂಬಿನ ಹತ್ತಿರ ಈಜಬೇಡ

ನಮ್ಮ ಹಿರಿಯರು ಮಕ್ಕಳಿಗೆ ಹೇಳುವ ಮಾತು ಇದು. ಕೆರೆಯಲ್ಲಿ ಎಲ್ಲಿ ಬೇಕಾದರೂ ಈಜು, ತೂಬಿನ ಹತ್ತಿರ ಹೋಗಬೇಡ, ಎಳೆದುಕೊಳ್ಳುತ್ತದೆ. ನೀರಿನೊಳಗಿನ ಪೈಪಿನ ಕೆಲಸದಲ್ಲಿ ಅತಿ ದೊಡ್ಡ ಅಪಾಯವೂ ಅದೇ.

ಲೆಕ್ಕ ನೋಡಿ. ಪ್ರತಿ 10 ಮೀಟರ್ ಆಳಕ್ಕೆ ನೀರಿನ ಒತ್ತಡ ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಹೆಚ್ಚುತ್ತದೆ. 10 ಮೀಟರ್ ಆಳದಲ್ಲಿ ಒಂದು ಅಡಿ ಅಗಲದ ಪೈಪಿನ ಬಾಯಿ ಇದೆ, ಪೈಪಿನೊಳಗೆ ನೀರಿಲ್ಲ ಎಂದುಕೊಳ್ಳಿ. ಆ ಬಾಯಿಗೆ ಏನಾದರೂ ಅಡ್ಡ ಬಂದರೆ ನೀರು ಅದನ್ನು ಸುಮಾರು 700 ಕಿಲೋ ಬಲದಿಂದ ಒತ್ತುತ್ತದೆ. ಏಳು ಕ್ವಿಂಟಾಲ್ ಭತ್ತದ ಮೂಟೆಗಳನ್ನು ಒಬ್ಬರ ಎದೆಯ ಮೇಲೆ ಹೇರಿದಂತೆ. ಮೇಲಿನವರು ನಾಲ್ಕು ಜನ ಹಗ್ಗ ಹಿಡಿದು ಎಳೆದರೂ ಬಿಡಿಸಲು ಆಗುವುದಿಲ್ಲ. ಇನ್ನೂ ಕೆಟ್ಟದ್ದೇನೆಂದರೆ ಆ ಸೆಳೆತ ದೂರದಿಂದ ಗೊತ್ತಾಗುವುದಿಲ್ಲ. ಬಾಯಿಯ ತೀರ ಹತ್ತಿರ ಹೋದ ಮೇಲೆ ತಿಳಿಯುತ್ತದೆ, ಅಷ್ಟರಲ್ಲಿ ಹೊತ್ತು ಮೀರಿರುತ್ತದೆ.

2022ರ ಫೆಬ್ರುವರಿ 25ರಂದು ಟ್ರಿನಿಡಾಡ್ ದ್ವೀಪದಲ್ಲಿ ಇದು ನಡೆಯಿತು. ಅದು ಸರೋವರವಲ್ಲ, ಸಮುದ್ರ. ಪೈಪು ನೀರಿನದಲ್ಲ, ಎಣ್ಣೆಯದು. ನಿಯಮ ಮಾತ್ರ ಒಂದೇ. 30 ಅಂಗುಲದ ಪೈಪಿನ ರಿಪೇರಿಗೆ ಇಳಿದಿದ್ದ ಐವರನ್ನು ಪೈಪು ಒಳಗೆ ಎಳೆದುಕೊಂಡಿತು. ಕೆಲವು ಗಂಟೆಗಳ ನಂತರ ಒಬ್ಬರು ಪೈಪಿನೊಳಗೇ ತೆವಳಿಕೊಂಡು ಬಂದು ಬದುಕಿದರು. ಉಳಿದವರು ಒಳಗೆ ಜೀವಂತ ಇದ್ದಾರೆ ಎಂದು ಅವರೇ ಹೇಳಿದರು. ಒಳಗೆ ಹೋಗಿ ತರುತ್ತೇವೆ ಎಂದು ಜೊತೆಗಾರರು ಮುಂದೆ ಬಂದರೂ ಅಪಾಯವೆಂದು ತಡೆದರು. ನಾಲ್ವರೂ ಸತ್ತರು. ವಿಚಾರಣಾ ಆಯೋಗ ಕುಳಿತು, ಪೈಪಿನ ಒಡೆತನದ ಸರ್ಕಾರಿ ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವಂತೆ ಶಿಫಾರಸು ಮಾಡಿತು.

ಇದಕ್ಕೆ ಮದ್ದು ದುಬಾರಿಯದೇನಲ್ಲ. ಯಾರಾದರೂ ನೀರಿಗೆ ಇಳಿಯುವ ಮೊದಲು ಪಂಪು ನಿಲ್ಲಿಸಿ, ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೀಲಿಯನ್ನು ಇಳಿಯುವ ತಂಡದ ಕೈಗೆ ಕೊಡಬೇಕು. ವಾಲ್ವಿಗೂ ಹಾಗೇ. ಪೈಪಿನ ಒಳಗೂ ಹೊರಗೂ ನೀರಿನ ಮಟ್ಟ ಒಂದೇ ಆಗಿದೆಯೇ ಎಂದು ನೋಡಬೇಕು. ಮಟ್ಟ ಒಂದೇ ಆದರೆ ಸೆಳೆತವಿಲ್ಲ. ಕೀಲಿ ಬೇರೆಯವರ ಜೇಬಿನಲ್ಲಿ ಉಳಿದರೆ ನೀರೊಳಗಿನವರ ಪ್ರಾಣವೂ ಅವರ ಜೇಬಿನಲ್ಲೇ ಉಳಿಯುತ್ತದೆ.

ಇನ್ನು ದೂರ ಓಡಲು ಜಾಗವಿಲ್ಲ

ಕೊಳೆಯಿಂದ ತಪ್ಪಿಸಿಕೊಳ್ಳಲು ಪೈಪಿನ ಬಾಯಿ ದೂರ ಓಡಿದ ಕಥೆ ಹೇಳಿದೆವು. ಆ ಓಟಕ್ಕೂ ಒಂದು ಕೊನೆ ಇದೆ. ಈರಿ ಸರೋವರದ ದಡದ ಟೊಲಿಡೊ ನಗರದ ಪೈಪಿನ ಬಾಯಿ ದಡದಿಂದ ಮೈಲಿಗಟ್ಟಲೆ ದೂರದಲ್ಲಿದೆ. 2014ರ ಆಗಸ್ಟ್ 2ರಂದು ಆ ನಗರದ ಸುತ್ತಲಿನ 4 ಲಕ್ಷಕ್ಕೂ ಹೆಚ್ಚು ಜನರಿಗೆ ನಲ್ಲಿ ನೀರು ಕುಡಿಯಬೇಡಿ, ಕಾಯಿಸಿಯೂ ಕುಡಿಯಬೇಡಿ ಎಂದು ಡಂಗುರ ಸಾರಿದಂತೆ ಹೇಳಿದರು. ಸರೋವರದ ಮೇಲೆ ಹಸಿರು ಪಾಚಿ ಹಬ್ಬಿ, ಅದರ ವಿಷ ನೀರಿಗೆ ಇಳಿದಿತ್ತು. ಕಾಯಿಸಿದರೆ ನೀರು ಆವಿಯಾಗಿ ವಿಷ ಇನ್ನೂ ಗಟ್ಟಿಯಾಗುತ್ತದೆ. ನಲ್ಲಿ ಮತ್ತೆ ಕುಡಿಯಲು ಯೋಗ್ಯವಾಗಲು ಆಗಸ್ಟ್ 4 ಬಂತು.

ಆ ಪಾಚಿಗೆ ಮುಖ್ಯ ಆಹಾರ ರಂಜಕ. ಅದು ಬಂದದ್ದು ಹೆಚ್ಚಾಗಿ ಹೊಲಗಳಿಂದ, ಮಳೆ ನೀರಿನ ಜೊತೆ ಕೊಚ್ಚಿಬಂದ ಗೊಬ್ಬರದಿಂದ. ನಾವು ಡಿಎಪಿ ಚೀಲದಿಂದ ಬೆಳೆಗೆ ಹಾಕುವುದರಲ್ಲೂ ಅದೇ ರಂಜಕವಿದೆ. ಬೆಳೆ ತಿಂದು ಉಳಿದದ್ದು ಕೆರೆ ಸೇರಿದರೆ ಪಾಚಿ ತಿನ್ನುತ್ತದೆ.

ನಮ್ಮ ಜಾಕ್‌ವೆಲ್‌ಗಳ ಬಳಿ

ಬಾಯಿ ದೂರ ಓಡುವ ಕಥೆ ನಮ್ಮಲ್ಲೂ ಇದೆ. ಬೆಂಗಳೂರು ತನ್ನ ಕೆರೆಗಳನ್ನು ಬಿಟ್ಟು 1890ರ ದಶಕದಲ್ಲಿ ಹೆಸರಘಟ್ಟಕ್ಕೆ ಹೋಯಿತು, 1933ರಲ್ಲಿ ತಿಪ್ಪಗೊಂಡನಹಳ್ಳಿಗೆ, 1974ರಲ್ಲಿ ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಗೆ. ಬರ, ಜನಸಂಖ್ಯೆ, ಕೊಳೆ, ಒಂದೊಂದು ಸಲ ಒಂದೊಂದು ಕಾರಣ. ಬಿಟ್ಟುಬಂದ ಬೆಳ್ಳಂದೂರು ಕೆರೆ ಏನಾಯಿತೆಂದು, ನೀರಿನ ಮೇಲೆ ಬೆಂಕಿ ಹತ್ತಿದ ವಿಡಿಯೊ ನಿಮ್ಮ ಫೋನಿಗೂ ಬಂದಿರುತ್ತದೆ.

ನೀರು ತುಂಬಿರುವಾಗಲೇ ರಿಪೇರಿ ಮಾಡುವುದು ಎಷ್ಟು ಕಷ್ಟ ಎಂದು ನಾವು 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೋಡಿದೆವು. ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಜಲಾಶಯದ ನೀರೆಲ್ಲ ಬಿಟ್ಟು ಖಾಲಿ ಮಾಡಿದರೆ ನಾಲ್ಕು ಜಿಲ್ಲೆಯ ರೈತರ ಬೆಳೆ ಹೋಗುತ್ತಿತ್ತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ವಾರದಲ್ಲಿ ಬಾಯಿ ಮುಚ್ಚಿದರು. ಕ್ರೇನಿನ ಹಗ್ಗ ಹಿಡಿದು, ಮೈಯೆಲ್ಲ ನೆನೆದು ನಿಂತಿದ್ದ ಕಾರ್ಮಿಕರನ್ನು ಇಡೀ ನಾಡು ಹೊಗಳಿತು. ಅದು ಅಪರೂಪ. ಅಷ್ಟು ಹೊತ್ತು ಕ್ಯಾಮೆರಾ ಅವರ ಮುಂದೆ ಇದ್ದದ್ದರಿಂದ ಆಯಿತು.

ಕ್ಯಾಮೆರಾ ಇಲ್ಲದ ಕಡೆ ಏನು? ನಮ್ಮ ಹಳೆಯ ಕೆರೆಗಳಲ್ಲಿ ತೂಬು ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ನೀರು ಎಂದು ಹಂಚುತ್ತಿದ್ದವರು ನೀರುಗಂಟಿಗಳು. ಹಲವು ಊರುಗಳಲ್ಲಿ ಆ ಕೆಲಸ ದಲಿತ ಕುಟುಂಬಗಳದಾಗಿತ್ತು. ತೂಬಿಗೆ ಕಸ ಸಿಕ್ಕಿದರೆ ಮುಳುಗುತ್ತಿದ್ದವರೂ ಅವರೇ. ಕೆರೆ ಕಟ್ಟಿಸಿದ ದೊರೆಯ ಹೆಸರು ಶಾಸನದಲ್ಲಿದೆ. ತೂಬಿಗೆ ಇಳಿದವರ ಹೆಸರು ಅವರ ಮನೆಯವರಿಗಷ್ಟೇ ಗೊತ್ತು. ಮಾರ್ಗನ್‌ಗೆ ಕ್ಲೀವ್‌ಲ್ಯಾಂಡ್ ಮಾಡಿದ್ದಕ್ಕೂ ಇದಕ್ಕೂ ದೂರವೇನಿಲ್ಲ.

ಇಂದು ಜಲಾಶಯದ ದಡದಲ್ಲಿ ಜಾಕ್‌ವೆಲ್‌ಗಳು ಹೆಚ್ಚುತ್ತಿವೆ, ಮನೆಮನೆಗೆ ನಲ್ಲಿ ಬಂದಿದೆ. ಜಾಲರಿಗೆ ಪ್ಲಾಸ್ಟಿಕ್ಕು, ಜೊಂಡು, ಬಲೆಯ ತುಂಡು ಸಿಕ್ಕಿಕೊಳ್ಳುವುದು ಇದ್ದೇ ಇದೆ. ಆಗ ಈಜು ಬರುವ ಹುಡುಗನೊಬ್ಬನನ್ನು ಕರೆದು, ಸೊಂಟಕ್ಕೆ ಹಗ್ಗ ಕಟ್ಟಿ, ಇಳಿ ಎನ್ನುವುದು ಸುಲಭ. ಈಜು ಬರುವುದೂ ನೀರೊಳಗೆ ಕೆಲಸ ಮಾಡುವುದೂ ಬೇರೆ ಬೇರೆ. ತೂಬಿನ ಸೆಳೆತಕ್ಕೆ ಈಜು ಲೆಕ್ಕಕ್ಕಿಲ್ಲ.

ಹಾಗಾಗಿ ಮುಂದಿನ ಗ್ರಾಮಸಭೆಯಲ್ಲಿ ನಲ್ಲಿ ನೀರಿನ ಮಾತು ಬಂದಾಗ ಮೂರು ಪ್ರಶ್ನೆ ಕೇಳೋಣ. ನಮ್ಮ ಪೈಪಿನ ಬಾಯಿ ಎಲ್ಲಿದೆ, ಅದರ ಸುತ್ತಲಿನ ನೀರಿಗೆ ಏನೇನು ಬಂದು ಸೇರುತ್ತಿದೆ? ಅದನ್ನು ಸ್ವಚ್ಛ ಮಾಡಲು ಇಳಿಯುವವರು ಯಾರು, ಅವರಿಗೆ ತರಬೇತಿ, ಗಾಳಿ, ವಿಮೆ ಇದೆಯೇ? ಅವರು ನೀರೊಳಗೆ ಇರುವಾಗ ಪಂಪಿನ ಕೀಲಿ ಯಾರ ಕೈಯಲ್ಲಿ ಇರುತ್ತದೆ?

ಮೊದಲ ಪ್ರಶ್ನೆಗೆ ಉತ್ತರ ಸಿಕ್ಕರೆ ನಮ್ಮ ಮಕ್ಕಳ ಆರೋಗ್ಯ ಉಳಿಯುತ್ತದೆ. ಉಳಿದ ಎರಡಕ್ಕೆ ಉತ್ತರ ಸಿಕ್ಕರೆ ಯಾರದೋ ಮನೆಯ ಮಗ ಸಂಜೆ ಮನೆಗೆ ಬರುತ್ತಾನೆ.